ಬೊಗೊಟಾದ ಬೀದಿಗಳಲ್ಲಿ

ಕೊಲಂಬಿಯಾದ ರಾಜಧಾನಿ ಬೊಗೊಟಾಕ್ಕೆ ಬಂದ ಮೇಲೆ, ಕಸಿದೊಯ್ಯುವವರ ಭಯಕ್ಕೆ ರಸ್ತೆಯಲ್ಲಿ ಫೋನ್ ಹೊರತೆಗೆಯುವ ಅಭ್ಯಾಸವೇ ತಪ್ಪಿಹೋಗಿದೆ. ದಾರಿ ನೋಡಬೇಕೆನಿಸಿದರೆ ಯಾವುದಾದರೂ ಕಾಫಿ ಅಂಗಡಿಯೊಳಗೆ ಹೋಗಿ ನೋಡಿಕೊಂಡು, ಅದನ್ನು ಜೇಬಿಗೆ ಸೇರಿಸಿಯೇ ಹೊರಬರುತ್ತೇನೆ; ಇಲ್ಲಿನವರೂ ಹಾಗೆಯೇ ಮಾಡುವುದನ್ನು ಕಂಡ ಮೇಲೆ ಇದು ಪರದೇಶಿಯ ಅಂಜಿಕೆಯೆಂಬ ಸಂಕೋಚ ಉಳಿದಿಲ್ಲ. ಟ್ರಾನ್ಸ್‌ಮಿಲೇನಿಯೊ ಬಸ್ಸಿನ ನೂಕುನುಗ್ಗಲಿನಲ್ಲಿ ಬ್ಯಾಗು ಎದೆಯ ಮೇಲಿರಬೇಕು. ಹಗಲಿನಲ್ಲಿ ವಿದ್ಯಾರ್ಥಿಗಳಿಂದಲೂ ಪ್ರವಾಸಿಗರಿಂದಲೂ ಗಿಜಿಗುಡುವ ಲಾ ಕಂದೆಲಾರಿಯಾದ ಹಳೆಯ ಬೀದಿಗಳು ಕತ್ತಲಾದೊಡನೆ ಬರಿದಾಗುವುದರಿಂದ, ಸಂಜೆ ಆರರೊಳಗೆ ಅಲ್ಲಿಂದ ಹೊರಟುಬಿಡುವುದು ಒಳ್ಳೆಯದು. ಸಮಭಾಜಕ ವೃತ್ತಕ್ಕೆ ಸಮೀಪವಾದ್ದರಿಂದ ವರ್ಷವಿಡೀ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. 3,152 ಮೀಟರ್ ಎತ್ತರದ ಮೊನ್ಸೆರಾತೆ ಬೆಟ್ಟಕ್ಕೆ ಕಾಲುದಾರಿಯಿದ್ದರೂ, ಜೊತೆಗಾರರಿಲ್ಲದ ನಾನು ಕೇಬಲ್ ಕಾರನ್ನೇ ಆರಿಸಿಕೊಂಡೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸ್ಕೊಪೊಲಮಿನ್ ಎಂಬ ಮದ್ದು. ಪಾನೀಯದಲ್ಲಿ ಅದನ್ನು ಬೆರೆಸಿಕೊಟ್ಟರೆ ಮನುಷ್ಯ ಎಚ್ಚರವಾಗಿರುವಂತೆ ಕಂಡರೂ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹಣವನ್ನೂ ಒಪ್ಪಿಸಿ, ಮರುದಿನ ಏನೊಂದೂ ನೆನಪಿಲ್ಲದೆ ಏಳಬಹುದು. ಆದ್ದರಿಂದ ಅಪರಿಚಿತರು ಕೊಟ್ಟದ್ದನ್ನು ಕುಡಿಯುವುದಿಲ್ಲ, ನನ್ನ ಲೋಟವನ್ನು ಬಿಟ್ಟು ಏಳುವುದೂ ಇಲ್ಲ. ಯಾರಾದರೂ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಕೇಳುತ್ತಲೇ ಬೆಳೆದ ನನಗೆ ಇದು ಬ್ಯಾಗು ಕಾಯುವುದಕ್ಕಿಂತ ಎಷ್ಟೋ ಕಷ್ಟದ ಕೆಲಸ. ಕೊಡುವವರಲ್ಲಿ ಬಹುಪಾಲು ಜನ ಒಳ್ಳೆಯವರೇ ಎಂಬುದು ಅದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ.

ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಮುಖ್ಯ ರಸ್ತೆಗಳನ್ನು ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಡುವ, 1970ರ ದಶಕದಿಂದ ನಡೆದುಬಂದ ಸಿಕ್ಲೊವಿಯಾದ ಹೊತ್ತಿನಲ್ಲಿ ಮಾತ್ರ ಇಷ್ಟೊಂದು ಲೆಕ್ಕಾಚಾರ ಬೇಕೆನಿಸಲಿಲ್ಲ. ಬರುವವರಿದ್ದರೆ, ಇಲ್ಲಿನ ತುರ್ತು ಕರೆಯ ಸಂಖ್ಯೆ 123.