ಎಲ್ಕ್ ಬೇಟೆಗೆ ಹೋಗೋ ಮೊದಲು ಹೊರೆ ಲೆಕ್ಕ ಹಾಕಿ

ಅಕ್ಟೋಬರ್‌ನಲ್ಲಿ ನಾನು, ಆಫೀಸಿನ ಗೆಳೆಯ ಇಬ್ಬರೂ ಅಮೆರಿಕದ ಕೊಲರಾಡೋ ರಾಜ್ಯದ ಫ್ಲಾಟ್ ಟಾಪ್ಸ್ ಕಾಡಿಗೆ ಎಲ್ಕ್ ಬೇಟೆಗೆ ಹೋಗಿದ್ದೆವು. ಎಲ್ಕ್ ನಮ್ಮ ಕಡವೆಯ ದೊಡ್ಡಣ್ಣ ಅನ್ನಿ. ಗಂಡು 300 ಕೆಜಿ ತೂಗುತ್ತದೆ. ಗುಂಡು ಹೊಡೆದದ್ದು ಒಂದು ಕ್ಷಣ, ಮಾಂಸ ಹೊತ್ತದ್ದು ಒಂದೂವರೆ ದಿನ!

ಈ ಕಾಡು ವಿಲ್ಡರ್ನೆಸ್ ಅಂತ ಘೋಷಿತ. ಜೀಪು, ಬೈಕು ಬಿಡಿ, ಸೈಕಲ್ಲಿಗೂ ಪ್ರವೇಶವಿಲ್ಲ. ಮಾಂಸ ಸಾಗಿಸೋ ಎರಡು ಚಕ್ರದ ತಳ್ಳುಗಾಡಿಯೂ ನಿಷಿದ್ಧ. ಇದು ನಮಗೆ ಹೊಳೆದದ್ದು ಗಾಡಿ ಬಾಡಿಗೆಗೆ ತಂದ ಮೇಲೆ. ಉಳಿದದ್ದು ಬೆನ್ನು, ಇಲ್ಲವೇ ಕುದುರೆ. ಕುದುರೆಯವರನ್ನು ಬೇಸಿಗೆಯಲ್ಲೇ ಮಾತಾಡಿಸಿಟ್ಟುಕೊಳ್ಳಿ.

ಎಲ್ಕ್ ಬಿದ್ದದ್ದು ಕಾರಿನಿಂದ 4 ಕಿಮೀ ದೂರದಲ್ಲಿ. ಚಳಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ, ತಕ್ಷಣ ಚರ್ಮ ಸುಲಿಯಿರಿ. ದಪ್ಪ ಚರ್ಮದೊಳಗೆ ಬಿಸಿ ಉಳಿದು ಮೂಳೆಯ ಪಕ್ಕದಿಂದಲೇ ಮಾಂಸ ಕೆಡುತ್ತದೆ. ತೊಡೆಗಳನ್ನು ತೆಳು ಬಟ್ಟೆಚೀಲಕ್ಕೆ ಹಾಕಿ ನೆರಳಲ್ಲಿ ನೇತುಹಾಕಿದೆವು, ಕರುಳು ಬಿಸಾಕಿದ ಜಾಗದಿಂದ ದೂರಕ್ಕೆ. ಕರಡಿ ಬರುತ್ತದೆ. ಆಮೇಲೆ ಒಬ್ಬೊಬ್ಬರಿಗೆ ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಭಾರ ಆಯ್ತು ಅಂತ ತಿನ್ನೋ ಮಾಂಸ ಬಿಟ್ಟು ಬರುವಂತಿಲ್ಲ, ಅಲ್ಲಿ ಅದು ಅಪರಾಧ. ಹಾಗಾಗಿ ನಕ್ಷೆಯಲ್ಲಿ ಕಾರಿನ ಸುತ್ತ ಒಂದು ಗೆರೆ ಎಳೆಯಿರಿ. ಅದರಾಚೆ ಎಂಥಾ ಕೊಂಬಿನ ಗಂಡು ಕಂಡರೂ ನೋಡಿ ಖುಷಿಪಡಿ, ಅಷ್ಟೇ.

ಎತ್ತರವೂ ಕಾಡುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್. ನಮ್ಮ ಡೇರೆ ಅದಕ್ಕಿಂತ ಸಾವಿರ ಮೀಟರ್ ಮೇಲಿತ್ತು. ಎರಡು ದಿನ ಮೊದಲೇ ಹೋಗಿ ಸುಮ್ನೆ ಓಡಾಡಿ. ನಾನು ಹಾಗೆ ಮಾಡದೆ ಮೊದಲ ರಾತ್ರಿ ತಲೆನೋವಿನಲ್ಲೇ ಕಳೆದೆ.

ಕಾಗದಪತ್ರದ ಕೆಲಸ ಬೇಗ ಶುರು ಮಾಡಿ. ಲಾಟರಿಯಲ್ಲಿ ಸಿಗೋ ಟ್ಯಾಗಿಗೆ, ಅಂದರೆ ಬೇಟೆ ಪರವಾನಗಿಗೆ, ಅರ್ಜಿ ಏಪ್ರಿಲ್ ಮೊದಲ ವಾರದಲ್ಲೇ ಮುಗಿಯುತ್ತದೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಕಾರ್ಡ್ ಬೇಕು. ನಮ್ಮಜ್ಜ ಹಂದಿ ಬೇಟೆಗೆ ಹೋದ ಕಥೆಗಳನ್ನು ಆ ತರಗತಿಯಲ್ಲಿ ಯಾರೂ ಕೇಳಲಿಲ್ಲ! ರೈಫಲ್ ಸೀಸನ್ನಿನಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಕಡ್ಡಾಯ, ತಲೆಗೂ ಅದೇ ಬಣ್ಣದ ಟೋಪಿ. ಮಾಂಸದ ಜೊತೆ ಗಂಡೋ ಹೆಣ್ಣೋ ಅನ್ನೋ ಗುರುತು ಉಳಿಸಿಕೊಳ್ಳಬೇಕು. ಚರ್ಮ ಸುಲಿಯೋ ಗಡಿಬಿಡಿಯಲ್ಲಿ ಅದನ್ನು ಕತ್ತರಿಸಿ ಎಸೆದೀರಿ, ಜೋಕೆ.

ದೊಡ್ಡ ಐಸ್‌ಬಾಕ್ಸ್ ಎರಡು ಒಯ್ದಿದ್ದೆವು. ನಾಲ್ಕು ಬೇಕಿತ್ತು. ವಾಪಸ್ ಬರುವಾಗ ಹಿಂದಿನ ಸೀಟಿನ ತುಂಬ ಮಾಂಸ, ಹೀಟರ್ ಆಫ್, ಕಿಟಕಿ ತೆರೆದು ಐದು ಗಂಟೆ ನಡುಗುತ್ತಾ ಬಂದೆವು.