ಟ್ಯೂಬ್ ಆಂಪ್ ಕೊಳ್ಳುವ ಮೊದಲು: ಹೆಡ್‌ಫೋನಿನ ಓಮ್, ಮನೆಯ ಕರೆಂಟ್

ಟ್ಯೂಬ್ ಆಂಪ್ ಅಂದರೆ ಹಳೆ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್ (ಟ್ಯೂಬ್) ಇಟ್ಟು ಹೆಡ್‌ಫೋನಿನ ಸದ್ದು ಏರಿಸುವ ಪೆಟ್ಟಿಗೆ. ಅದರ ಆಸೆ ಹುಟ್ಟುವುದೇ ಆ ಕೆಂಡದ ಬಣ್ಣದ ಬೆಳಕಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಕೂರುವ ಕೊಡಗಿನಲ್ಲಿ, ಸಂಜೆ ಬಾಗಿಲು ಹಾಕಿಕೊಂಡು ಹಾಡು ಕೇಳುವವರಿಗೆ ಅದರ ಸೆಳೆತ ಇನ್ನೂ ಜಾಸ್ತಿ. ಆದರೆ ಬೆಳಕು ನೋಡಿ ಆಯ್ದುಕೊಂಡರೆ ದುಡ್ಡು ದಂಡ. ಕೈಯಲ್ಲಿರುವ ಹೆಡ್‌ಫೋನ್ ಎಷ್ಟು ಓಮ್ (ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ), ಮನೆಗೆ ಬರುವ ಕರೆಂಟ್ ಎಂಥದ್ದು, ಈ ಎರಡನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಕಡಿಮೆ ಬೆಲೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಜಾತಿ. ಒಂದು ಒಟಿಎಲ್, ಅಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ್ದು. ಟ್ಯೂಬಿನಿಂದ ಒಂದು ದೊಡ್ಡ ಕೆಪಾಸಿಟರ್ ದಾಟಿ ಸಿಗ್ನಲ್ ನೇರ ಹೆಡ್‌ಫೋನಿಗೆ ಹೋಗುತ್ತದೆ. ಡಾರ್ಕ್‌ವಾಯ್ಸ್ 336ಎಸ್‌ಇ ಈ ಜಾತಿಯದು. ಕಿಟ್ ತರಿಸಿ ಬೆಸುಗೆ ಹಾಕಿ ಕಟ್ಟುವ ಬಾಟಲ್‌ಹೆಡ್ ಕ್ರ್ಯಾಕ್ ಕೂಡ. ಇನ್ನೊಂದು ಹೈಬ್ರಿಡ್: ಮುಂದೆ ಒಂದೆರಡು ಸಣ್ಣ ಟ್ಯೂಬ್, ಹಿಂದೆ ಹೆಡ್‌ಫೋನನ್ನು ಓಡಿಸುವ ಟ್ರಾನ್ಸಿಸ್ಟರ್ ಅಥವಾ ಚಿಪ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವ ಮೂರನೆಯ ಜಾತಿಯೂ ಇದೆ, ಆದರೆ ಒಳ್ಳೆಯ ಟ್ರಾನ್ಸ್‌ಫಾರ್ಮರಿಗೇ ದುಬಾರಿ ಬೆಲೆ. ಅಗ್ಗದಲ್ಲಿ ಅದನ್ನು ಹುಡುಕಬೇಡಿ.

ಒಟಿಎಲ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೆಡ್‌ಫೋನಿಗೆ ಹೋಗುವ ದಾರಿಯಲ್ಲಿ ಆಂಪ್ ತಾನೇ ಒಡ್ಡುವ ತಡೆ, ಜಾಸ್ತಿ. ಕ್ರ್ಯಾಕ್‌ನದು ಸುಮಾರು 120 ಓಮ್. ಸೆನ್‌ಹೈಸರ್ ಎಚ್‌ಡಿ 650ಕ್ಕೆ 300 ಓಮ್ ಎಂದು ಬರೆದಿದ್ದರೂ ಕೆಳಗಿನ ಸ್ವರಗಳಲ್ಲಿ, 80-100 ಹರ್ಟ್ಸ್ ಆಸುಪಾಸಿನಲ್ಲಿ, ಅದು ಸುಮಾರು 500ಕ್ಕೆ ಏರುತ್ತದೆ. ಓಮ್ ಏರಿದಲ್ಲಿ ಹೆಡ್‌ಫೋನಿಗೆ ಸಿಗುವ ವೋಲ್ಟೇಜಿನ ಪಾಲೂ ಏರುವುದರಿಂದ, 120 ಓಮ್ ಆಂಪಿಗೆ ಸೇರಿಸಿದಾಗ ಆ ಜಾಗದಲ್ಲಿ ಬೇಸ್ ಸುಮಾರು 1 ಡೆಸಿಬೆಲ್ ಏಳುತ್ತದೆ. ಟ್ಯೂಬಿನ ಬೆಚ್ಚನೆ ದನಿ ಎಂದು ಜನ ಮೆಚ್ಚುವುದರಲ್ಲಿ ಒಂದು ಪಾಲು ಈ ಲೆಕ್ಕದ್ದೇ. ಅದೇ ಆಂಪಿಗೆ 32 ಓಮಿನ ಹೆಡ್‌ಫೋನ್ ಚುಚ್ಚಿ, ಅದು ಬೇಸ್‌ನಲ್ಲಿ 60 ಓಮಿಗೆ ಏರುವಂಥದ್ದಾದರೆ ಏಳುವುದು 4 ಡೆಸಿಬೆಲ್. ತಬಲಾದ ಡಗ್ಗ ಗುಮ್ಮೆಂದು ಹಾಡುವವರ ದನಿಯ ಮೇಲೇ ಹತ್ತಿ ಕೂರುತ್ತದೆ. ಜೊತೆಗೆ 13 ಡೆಸಿಬೆಲ್‌ಗೂ ಹೆಚ್ಚು ಸದ್ದು ಆಂಪಿನೊಳಗೇ ಕಳೆದುಹೋಗುತ್ತದೆ.

ಕೆಪಾಸಿಟರಿನ ಕಥೆಯೂ ಹೀಗೇ. ಆಂಪಿನ ಸ್ವಂತ ಇಂಪೀಡೆನ್ಸ್ ಬಿಟ್ಟು ಲೆಕ್ಕ ಹಾಕಿದರೆ, 100 ಮೈಕ್ರೋಫ್ಯಾರಡ್ ಕೆಪಾಸಿಟರ್ 300 ಓಮಿನ ಹೆಡ್‌ಫೋನಿಗೆ ಸುಮಾರು 5 ಹರ್ಟ್ಸ್‌ವರೆಗೂ ದಾರಿ ಬಿಡುತ್ತದೆ. 32 ಓಮಿನದಕ್ಕೆ 50 ಹರ್ಟ್ಸ್ ಹತ್ತಿರವೇ ಬೇಸ್ ಕರಗತೊಡಗುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೆ: 250, 300, 600 ಓಮಿನ ಹೆಡ್‌ಫೋನ್ ಇದ್ದರೆ ಒಟಿಎಲ್ ಧೈರ್ಯವಾಗಿ ತನ್ನಿ, ಅದರ ಸುಖ ಬೇರೆಯೇ. 80 ಓಮಿಗಿಂತ ಕಡಿಮೆಯಿದ್ದರೆ, ಪ್ಲೇನಾರ್ (ಚಪ್ಪಟೆ ಪರದೆ ಅದುರಿ ಸದ್ದು ಮಾಡುವ ಹೆಡ್‌ಫೋನ್) ಆಗಿದ್ದರೆ, ಇಯರ್‌ಫೋನ್ ಆಗಿದ್ದರೆ ಹೈಬ್ರಿಡ್ ತನ್ನಿ. ಹೆಡ್‌ಫೋನಿನ ಓಮಿನ ಎಂಟನೇ ಒಂದು ಭಾಗಕ್ಕಿಂತ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ ಇರಲಿ. 32 ಓಮಿಗೆ 4 ಓಮ್. ಈ ಅಂಕಿಯನ್ನೇ ಹೇಳದ ಮಾರಾಟಗಾರರಿಂದ ಕೊಳ್ಳಬೇಡಿ.

ಹೈಬ್ರಿಡ್‌ಗಳಲ್ಲಿ ಒಂದು ಮೋಸ ನಡೆಯುತ್ತದೆ. ಟ್ಯೂಬಿನ ಬುಡದಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ. ಟ್ಯೂಬನ್ನು ಒಳಗಿಂದ ಕಾಯಿಸುವ ತಂತಿಯ, ಅಂದರೆ ಹೀಟರಿನ, ನಿಜವಾದ ಬೆಳಕು ಟ್ಯೂಬಿನ ನಡುವಿನ ಲೋಹದ ಕೊಳವೆಯ ತುದಿಯಲ್ಲಿ ಸಣ್ಣಗೆ ಕಾಣುತ್ತದೆ, ಬರಲು ಹತ್ತಾರು ಸೆಕೆಂಡ್ ಹಿಡಿಯುತ್ತದೆ. ಸ್ವಿಚ್ ಹಾಕಿದ ಕೂಡಲೇ ಇಡೀ ಗಾಜು ಬೆಳಗಿದರೆ ಅದು ಎಲ್‌ಇಡಿ. ಇಂಥವುಗಳಲ್ಲಿ ಎಷ್ಟೋ 12 ಅಥವಾ 24 ವೋಲ್ಟ್ ಅಡಾಪ್ಟರಿನಲ್ಲಿ ಓಡುತ್ತವೆ. ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದಿದ್ದರೆ, ನೂರು ವೋಲ್ಟಿಗೂ ಮೇಲೆ ಬೇಡುವ ಟ್ಯೂಬಿನ ಪ್ಲೇಟಿಗೆ (ಒಳಗಿನ ಲೋಹದ ತಗಡಿಗೆ) ಆ 12 ಅಥವಾ 24 ಅಷ್ಟೇ ಸಿಗುತ್ತದೆ. ದನಿ ಕೆಟ್ಟದೆಂದಲ್ಲ, ಆದರೆ ಟ್ಯೂಬಿಗೆಂದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಇನ್ನು ಕರೆಂಟ್. ನಮ್ಮ ಕಡೆ ಇದೇ ದೊಡ್ಡ ವಿಷಯ. ಟ್ಯೂಬಿನ ಹೀಟರಿಗೆ 6.3 ವೋಲ್ಟ್ ಬೇಕು, ಶೇ 10 ಆಚೀಚೆ ತಡೆದುಕೊಳ್ಳುತ್ತದೆ. ಕಾಫಿ ಹೂವಿಗೆಂದು ಫೆಬ್ರವರಿ-ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಮೋಟರ್‌ಗಳು ಓಡುವಾಗ ಲೈನಿನ ತುದಿಯ ಮನೆಯಲ್ಲಿ ವೋಲ್ಟೇಜ್ 190ಕ್ಕೆ ಇಳಿದರೆ ಹೀಟರಿಗೆ ಸಿಗುವುದು 5.2 ಮಾತ್ರ. ನಡುರಾತ್ರಿ 250ಕ್ಕೆ ಏರಿದರೆ 6.85, ಅಂಚಿಗೇ ಬಂದಂತೆ. ಒಂದು ವಾರ ಬೆಳಗ್ಗೆ, ಸಂಜೆ, ರಾತ್ರಿ ಮಲ್ಟಿಮೀಟರ್ ಹಿಡಿದು ಅಳೆದು ಬರೆದಿಡಿ. 210ರಿಂದ 245ರೊಳಗೆ ಇದ್ದರೆ ಏನೂ ಬೇಡ. ಅದರಾಚೆ ಹೋದರೆ 200 ವಿಎಯ ಸ್ಟೆಬಿಲೈಜರ್ ಸಾಕು. ರಿಲೇ ಬದಲಾಗುವಾಗ ಕಿವಿಯಲ್ಲಿ ಟಕ್ ಎನ್ನಬಹುದು, ಅದು ಆಂಪಿನ ದೋಷವಲ್ಲ.

ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಒಟಿಎಲ್ ಹಾಕಲೇಬೇಡಿ. ಮನೆಯ 230 ವೋಲ್ಟಿನ ಅಲೆಯ ತುದಿ 325 ಮುಟ್ಟುತ್ತದೆ, ಒಳಗಿನ ಹೈ ವೋಲ್ಟೇಜ್ ಆ ತುದಿಯಿಂದಲೇ ಬರುವುದು. ಚೌಕ ಅಲೆಗೆ ಅಂಥ ತುದಿಯಿಲ್ಲ, ಹಾಗಾಗಿ ಹೈ ವೋಲ್ಟೇಜ್ ಹತ್ತಿರ ಹತ್ತಿರ ಶೇ 30 ಕುಸಿಯುತ್ತದೆ, ಟ್ರಾನ್ಸ್‌ಫಾರ್ಮರ್ ಗುಯ್‌ಗುಡುತ್ತದೆ. ಪ್ಯೂರ್ ಸೈನ್ ವೇವ್ ಆದರೆ ತೊಂದರೆಯಿಲ್ಲ. ಕರೆಂಟ್ ಹೋದರೆ ಆಂಪ್ ಸ್ವಿಚ್ ಆರಿಸಿಬಿಡಿ; ಕರೆಂಟ್ ಬಂದು ಐದು ನಿಮಿಷ ಹೋಗದೆ ಉಳಿದ ಮೇಲೆ ಹಾಕಿ. ಏಪ್ರಿಲ್-ಮೇಯಲ್ಲಿ ಗುಡುಗು ಕೇಳಿಸಿದರೆ ಪ್ಲಗ್ಗನ್ನೇ ಕೀಳಿ, ಟಿವಿ ಡಿಶ್ ಅಥವಾ ಇಂಟರ್ನೆಟ್ ಕೇಬಲ್ಲಿಗೆ ಸೇರಿದ ತಂತಿಯನ್ನೂ.

ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟಿದ್ದರೂ ಹಿಂದೆ ಅರ್ಥಿಂಗ್ ಇಲ್ಲದಿರುವುದುಂಟು. ನೂರಾರು ವೋಲ್ಟ್ ತುಂಬಿದ ಲೋಹದ ಪೆಟ್ಟಿಗೆ ಇದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪರೀಕ್ಷಿಸಿದ ಮೇಲೆಯೇ ಆಂಪ್ ತರಿಸಿ. ಹೊರದೇಶದಿಂದ ತರಿಸುವುದಾದರೆ 230 ವೋಲ್ಟಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಕೆಲವಕ್ಕೆ 115/230 ಸ್ವಿಚ್ ಇರುತ್ತದೆ, ಪ್ಲಗ್ ಹಾಕುವ ಮುಂಚೆ ನೋಡಿ.

ಬಂದ ದಿನ ಟ್ಯೂಬುಗಳನ್ನು ನೇರ ಒತ್ತಿ ಕೂರಿಸಿ, ವಾಲ್ಯೂಮ್ ಸೊನ್ನೆಗೆ ತನ್ನಿ, ಹೆಡ್‌ಫೋನ್ ಚುಚ್ಚದೆ ಎರಡು ನಿಮಿಷ ಬಿಸಿಯಾಗಲು ಬಿಡಿ. ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ, 20 ಮಿಲಿವೋಲ್ಟಿನೊಳಗಿದ್ದರೆ ಒಳ್ಳೆಯದು. ಆಮೇಲೆ ಹಳೆಯದೊಂದು ಹೆಡ್‌ಫೋನ್ ಹಾಕಿ ಕೇಳಿ. ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಅಂದರೆ ದೋಷ ಆಂಪಿನದು ಅಥವಾ ಟ್ಯೂಬಿನದು. ವಾಲ್ಯೂಮ್ ಜೊತೆ ಏರಿದರೆ ಹಾಡು ಬರುವ ಮೂಲದಿಂದ ಬರುತ್ತಿದೆ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ನಿಂತರೆ ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯಿಂದ ಅರ್ಥ್ ಸೇರಿ ಹುಟ್ಟುವ ಗುಂಯ್. ಪೆನ್ಸಿಲ್ಲಿನಿಂದ ಟ್ಯೂಬನ್ನು ಮೆಲ್ಲಗೆ ತಟ್ಟಿ. ಘಂಟೆಯಂತೆ ರಿಂಗಣಿಸುತ್ತಲೇ ಇದ್ದರೆ ಅದು ಮೈಕ್ರೋಫೋನಿಕ್, ಅಂದರೆ ಅಲುಗಾಟವನ್ನೇ ಸದ್ದು ಮಾಡುವ ಟ್ಯೂಬ್. ಮರದ ಅಟ್ಟದ ಮೇಲಿಟ್ಟರೆ ಹೆಜ್ಜೆ ಸದ್ದೂ ಕೇಳಿಸುತ್ತದೆ. ಕೆಳಗೆ ದಪ್ಪ ರಬ್ಬರ್ ಇಡಿ.

ಜುಲೈ-ಆಗಸ್ಟ್‌ನ ಕಕ್ಕಡದ ತಿಂಗಳಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುವಾಗ ಟ್ಯೂಬ್ ಸಾಕೆಟ್ಟಿಗೆ, ವಾಲ್ಯೂಮ್ ಪಾಟಿಗೆ (ತಿರುಗಣೆಯ ಒಳಭಾಗಕ್ಕೆ) ಹಿಡಿಯದಿರುವುದಿಲ್ಲ. ತಿರುಗಿಸುವಾಗ ಕರಕರ ಎನ್ನುವುದು ಅದರಿಂದಲೇ. ದಿನಕ್ಕೆ ಅರ್ಧ ಗಂಟೆ ಉರಿಸಿದರೆ ಒಳಗೆ ಒಣಗಿರುತ್ತದೆ. ಪಿನ್ನುಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಆರಿದ ಮೇಲೆ ನಾಲ್ಕೈದು ಬಾರಿ ಹಾಕಿ ತೆಗೆಯಿರಿ. ಬಿಸುಪು ಹುಡುಕಿ ಹಲ್ಲಿ ಬರುತ್ತದೆ. ಅಡಿಯ ಗಾಳಿಕಿಂಡಿಯಿಂದ ಒಳಗೆ ಹೊಕ್ಕು ಹೈ ವೋಲ್ಟೇಜಿಗೆ ಅಡ್ಡಬಿದ್ದರೆ ಹಲ್ಲಿಯೂ ಹೋಗುತ್ತದೆ, ಫ್ಯೂಸೂ ಹೋಗುತ್ತದೆ. ಕಿಂಡಿಗೆ ಒಳಗಿನಿಂದ ನೈಲಾನ್ ಸೊಳ್ಳೆ ಬಲೆ ಅಂಟಿಸಿ, ಆದರೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಅಳೆದು ಇಳಿಸಲು ಬಲ್ಲವರಿಂದಲೇ ಆ ಕೆಲಸ ಮಾಡಿಸಿ.

ಬದಲಿ ಟ್ಯೂಬ್ ಕೊಳ್ಳುವಾಗ ಒಂಬತ್ತು ಪಿನ್ನೆಂದು ಎಲ್ಲವೂ ಒಂದೇ ಎಂದುಕೊಳ್ಳಬೇಡಿ. ಇಸಿಸಿ88ಕ್ಕೂ 12ಎಯು7ಕ್ಕೂ ಹೀಟರ್ ಜೋಡಣೆಯೇ ಬೇರೆ. ಒಟಿಎಲ್‌ಗಳಲ್ಲಿ ಬರುವ 6080 ಎಂಬ ದೊಡ್ಡ ಟ್ಯೂಬ್ ಒಂದರ ಹೀಟರೇ 2.5 ಆಂಪಿಯರ್ ಎಳೆಯುತ್ತದೆ, ಸುಮಾರು 16 ವ್ಯಾಟ್ ಬಿಸಿ. ಆರಿಸಿ ಹದಿನೈದು ನಿಮಿಷ ಮುಟ್ಟಬೇಡಿ. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ತಯಾರಿಸುತ್ತಿದ್ದ ವಾಲ್ವ್‌ಗಳು ಹಳೆ ರೇಡಿಯೋಗಳಲ್ಲಿ ಈಗಲೂ ಸಿಗುತ್ತವೆ, ನಂಬರ್ ಹೊಂದಿದರೆ ಬಳಸಬಹುದು. ಕೊಳ್ಳುವ ಮುನ್ನ ಗಾಜನ್ನು ಬೆಳಕಿಗೆ ಹಿಡಿಯಿರಿ: ಒಳಗೆ ಬೆಳ್ಳಿಯಂತೆ ಮಿನುಗುವ ಲೇಪ ಇದ್ದರೆ ಸರಿ, ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ವಾಪಸ್ ಇಟ್ಟುಬಿಡಿ.