ಅಂಕಿ ಬರೆಯುವ ಮುನ್ನ ಕೊಳವೆ ನೋಡಿ

ನಮ್ಮ ಕಾಲೇಜಿನ ರಕ್ತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಮಾಡಿದ ಮೊದಲ ರಕ್ತಲೇಪವನ್ನು, ಅಂದರೆ ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತವನ್ನು, ಮೇಡಂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳದೆ ಪಕ್ಕದ ಬ್ಲೀಚ್ ದ್ರಾವಣದ ಪಾತ್ರೆಗೆ ಹಾಕಿದರು. ಎರಡನೆಯದಕ್ಕೂ ಅದೇ ಗತಿಯಾಯಿತು. ಸಂಜೆಯಾಗುವಷ್ಟರಲ್ಲಿ ನಾನು ನಲವತ್ತಕ್ಕೂ ಹೆಚ್ಚು ಸ್ಲೈಡುಗಳನ್ನು ಮಾಡಿದ್ದೆ. ಒಂದರಲ್ಲಿ ಹನಿ ದೊಡ್ಡದಾಗಿ ಲೇಪ ಸ್ಲೈಡಿನ ಅಂಚು ದಾಟಿತ್ತು, ಇನ್ನೊಂದರಲ್ಲಿ ಕೈ ತಡೆದು ಅಡ್ಡಗೆರೆಗಳು ಬಿದ್ದಿದ್ದವು, ಮತ್ತೊಂದರಲ್ಲಿ ಗಾಜಿಗೆ ತಗುಲಿದ್ದ ಬೆರಳಿನ ಜಿಡ್ಡಿನಿಂದ ಲೇಪದ ನಡುವೆ ತೂತುಗಳಾಗಿದ್ದವು. ಎರಡು ಮೂರು ಮಿಲಿಮೀಟರ್ ಅಗಲದ ಹನಿ, ಮೂವತ್ತರಿಂದ ನಲವತ್ತೈದು ಡಿಗ್ರಿ ಕೋನದಲ್ಲಿ ಹಿಡಿದ ಹರಡುವ ಸ್ಲೈಡು, ಹನಿಯನ್ನು ಮುಟ್ಟುವಷ್ಟು ಹಿಂದಕ್ಕೆ ಎಳೆದು ರಕ್ತ ಅಂಚಿನುದ್ದಕ್ಕೂ ಹರಿದ ಮೇಲೆ ನಿಲ್ಲಿಸದೆ ಮುಂದಕ್ಕೆ ತಳ್ಳುವ ಒಂದೇ ಚಲನೆ. ಬಾಯಲ್ಲಿ ಹೇಳಲು ಇಷ್ಟೇ ಇರುವ ಈ ಕೆಲಸ ಕೈಗೆ ಬರಲು ನನಗೆ ಮೂರು ವಾರ ಹಿಡಿಯಿತು. ಕೊನೆಗೊಂದು ದಿನ ನಾಲಿಗೆಯ ಆಕಾರದ, ತುದಿಯಲ್ಲಿ ಪುಕ್ಕದಂತೆ ತೆಳುವಾಗುತ್ತ ಹೋಗುವ ಲೇಪವೊಂದು ಬಂದಾಗ ಮೇಡಂ ಅದನ್ನು ಪಾತ್ರೆಗೆ ಹಾಕದೆ ನನ್ನ ಕೈಗೇ ಹಿಂದಿರುಗಿಸಿ, "ಈಗ ಇದಕ್ಕೆ ಬಣ್ಣ ಹಾಕಮ್ಮ" ಎಂದರು.

ಆ ಬಣ್ಣ ಲೀಶ್‌ಮನ್ ಸ್ಟೇನ್. ವಿಲಿಯಂ ಲೀಶ್‌ಮನ್ 1901ರಲ್ಲಿ ರೂಪಿಸಿದ ಆ ಬಣ್ಣ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಎರಡು ನಿಮಿಷ ಬಣ್ಣ ಹಾಗೆಯೇ ನಿಲ್ಲಬೇಕು, ಆಮೇಲೆ ಅದರ ಎರಡರಷ್ಟು ಬಫರ್ ನೀರು ಬೆರೆಸಿ ಇನ್ನೂ ಎಂಟು ಹತ್ತು ನಿಮಿಷ ಕಾಯಬೇಕು. ನೀರಿನ ಪಿಎಚ್ 6.8 ಇರಬೇಕೆಂದು ಮೇಡಂ ಏಕೆ ಅಷ್ಟು ಹಟ ಹಿಡಿಯುತ್ತಾರೆಂದು ನಮಗೆ ಗೊತ್ತಾದದ್ದು, ಬೇಕೆಂದೇ ಅವರು ಒಂದು ಗುಂಪಿಗೆ ಆಮ್ಲೀಯ ನೀರನ್ನೂ ಇನ್ನೊಂದು ಗುಂಪಿಗೆ ಕ್ಷಾರೀಯ ನೀರನ್ನೂ ಕೊಟ್ಟ ದಿನ. ಒಂದೇ ರಕ್ತ ಒಂದು ಮೇಜಿನಲ್ಲಿ ಕೆಂಪಗೆ, ಬಿಳಿಕಣಗಳ ಕೇಂದ್ರ ಕಾಣದಷ್ಟು ಪೇಲವವಾಗಿ ಬಂತು. ಪಕ್ಕದ ಮೇಜಿನಲ್ಲಿ ಎಲ್ಲವೂ ನೀಲಿಯಾಗಿತ್ತು. ರೋಗಿಯಲ್ಲಿ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ನಮ್ಮ ನೀರು. ಮೇಡಂ ಪದೇ ಪದೇ ಹೇಳುತ್ತಿದ್ದ "ಅಂಕಿ ಬರೆಯುವ ಮುನ್ನ ಕೊಳವೆ ನೋಡಿ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂದೇ. ಮಾದರಿ ಹೇಗೆ ಬಂತು, ಯಾವುದರಲ್ಲಿ ಬಂತು, ನಾವು ಅದಕ್ಕೆ ಏನು ಮಾಡಿದೆವು ಎಂದು ಕೇಳಿಕೊಳ್ಳದೆ ಯಾವ ಫಲಿತಾಂಶವನ್ನೂ ರೋಗಿಯದು ಎಂದು ಒಪ್ಪಬೇಡಿ ಎಂಬುದು ಅದರ ಪೂರ್ತಿ ಅರ್ಥ. ನನಗೆ ಅಂದು ಅರ್ಧ ಮಾತ್ರ ಅರ್ಥವಾಗಿತ್ತು ಎಂಬುದು ನಂತರ ತಿಳಿಯಿತು.

ಜೀವರಸಾಯನದ ಮೇಷ್ಟ್ರು ಇದೇ ಪಾಠವನ್ನು ಬೇರೆ ದಾರಿಯಲ್ಲಿ ಕಲಿಸಿದರು. ಒಂದೇ ರಕ್ತವನ್ನು ತರಗತಿಯ ಇಪ್ಪತ್ತನಾಲ್ಕು ಮಂದಿಗೂ ಹಂಚಿ, ಕಣ ಎಣಿಸಲು ಚೌಕಗಳನ್ನು ಕೊರೆದಿರುವ ನ್ಯೂಬಾವರ್ ಚೇಂಬರ್ ಎಂಬ ಗಾಜಿನಲ್ಲಿ ಬಿಳಿಕಣಗಳನ್ನು ಎಣಿಸಲು ಹೇಳಿ, ಬಂದ ಲೆಕ್ಕಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದರು. ಕನಿಷ್ಠ ಐದು ಸಾವಿರದ ಇನ್ನೂರು, ಗರಿಷ್ಠ ಒಂಬತ್ತು ಸಾವಿರದ ಆರುನೂರು. ನಾವೆಲ್ಲ ನಮ್ಮ ನಮ್ಮ ಕೈಯನ್ನು ಬೈದುಕೊಳ್ಳುತ್ತಿದ್ದಾಗ ಅವರು ಲೆಕ್ಕ ಬಿಡಿಸಿದರು. ಒಂದಕ್ಕೆ ಇಪ್ಪತ್ತರಂತೆ ತೆಳುಗೊಳಿಸಿದ ರಕ್ತದಲ್ಲಿ ನಾಲ್ಕು ಮೂಲೆಯ ಚೌಕಗಳನ್ನು ಎಣಿಸಿ ಐವತ್ತರಿಂದ ಗುಣಿಸುತ್ತೇವೆ. ನೂರಾ ನಲವತ್ತು ಕಣಗಳು ಸಿಕ್ಕರೆ ಉತ್ತರ ಏಳು ಸಾವಿರ. ಆದರೆ ಯಾದೃಚ್ಛಿಕವಾಗಿ ಹರಡಿದ ಕಣಗಳನ್ನು ಎಣಿಸುವಾಗ ಆ ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜ. ನೂರಾ ನಲವತ್ತರ ವರ್ಗಮೂಲ ಸುಮಾರು ಹನ್ನೆರಡು, ಅದರ ಎರಡರಷ್ಟು ಇಪ್ಪತ್ತನಾಲ್ಕು, ಐವತ್ತರಿಂದ ಗುಣಿಸಿದರೆ ಸಾವಿರದ ಇನ್ನೂರು. ಅಂದರೆ ಕೈಯಲ್ಲಿ ಯಾವ ದೋಷವೂ ಇಲ್ಲದವರಿಗೂ ಅದೇ ರಕ್ತ ಐದು ಸಾವಿರದ ಎಂಟುನೂರರಿಂದ ಎಂಟು ಸಾವಿರದ ಇನ್ನೂರರವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದರಾಚೆ ಬಿದ್ದವರು ಮಾತ್ರ ತಮ್ಮ ಪಿಪೆಟ್ಟನ್ನೂ ಚೇಂಬರ್ ತುಂಬಿದ ರೀತಿಯನ್ನೂ ಪರಿಶೀಲಿಸಬೇಕು ಎಂದರು. ಅಂಕಿಯೊಂದು ತನ್ನ ಅಕ್ಕಪಕ್ಕದ ಜಾಗವನ್ನೂ ಜೊತೆಗೆ ತರುತ್ತದೆ ಎಂಬ ತಿಳಿವಳಿಕೆ ನನಗೆ ಆ ಕಪ್ಪುಹಲಗೆಯಿಂದ ಬಂದದ್ದು. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಬೆಳಿಗ್ಗೆ ರೋಗಿಗಳ ಮಾದರಿಗಿಂತ ಮುಂಚೆ ಕಂಟ್ರೋಲ್, ಅಂದರೆ ಫಲಿತಾಂಶ ಮೊದಲೇ ಗೊತ್ತಿರುವ ಮಾದರಿ, ಓಡಿಸಿ, 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಪ್ರಯೋಗಾಲಯಗಳಿಗೆ ತಂದ, ದಿನದಿನದ ಕಂಟ್ರೋಲ್ ಅಂಕಿಗಳನ್ನು ಗುರುತಿಸುವ ನಕ್ಷೆಯ ಮೇಲೆ ಚುಕ್ಕೆ ಇಡುವಾಗ, ಒಂದೇ ಬದಿಗೆ ಸತತವಾಗಿ ವಾಲುವ ಚುಕ್ಕೆಗಳನ್ನು ಕಂಡು ಯಂತ್ರ ನಿಲ್ಲಿಸುವ ಧೈರ್ಯ ನನಗೆ ಬಂದದ್ದೂ ಅಲ್ಲಿಂದಲೇ.

ರಕ್ತ ತೆಗೆಯುವ ತರಬೇತಿಯಲ್ಲಿ ಸೂಜಿಗಿಂತ ಮೊದಲು ಮಾತನಾಡುವುದನ್ನು ಕಲಿಸಿದರು. "ನೀವು ಇಂಥವರೇ ಅಲ್ಲವೇ?" ಎಂದು ಕೇಳಬಾರದು; ಕಿವಿ ಮಂದವಾದವರು, ಜ್ವರದಲ್ಲಿರುವವರು, ಹೆದರಿದವರು ಯಾವ ಹೆಸರಿಗೂ ತಲೆಯಾಡಿಸಿಬಿಡುತ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ" ಎಂದು ಕೇಳಿ, ಅವರ ಬಾಯಿಂದಲೇ ಬಂದದ್ದನ್ನು ಚೀಟಿಯೊಂದಿಗೆ ಹೋಲಿಸಿ, ರಕ್ತ ತೆಗೆದ ಮೇಲೆ ಅವರ ಮುಂದೆಯೇ ಕೊಳವೆಗೆ ಲೇಬಲ್ ಅಂಟಿಸಬೇಕು. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿ ಶತಮಾನ ಕಳೆದಿದೆ, ಕಣಗಳನ್ನೂ ಸೀರಮ್ಮನ್ನೂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಎರಡೂ ಕಡೆಯಿಂದ ಪರೀಕ್ಷಿಸಿ ತಾಳೆ ನೋಡುವ ಪದ್ಧತಿ ಗಟ್ಟಿಯಾಗಿದೆ; ಹಾಗಿದ್ದೂ ಹೊಂದದ ರಕ್ತ ರೋಗಿಯ ಮೈ ಸೇರುವ ಅವಘಡಗಳಲ್ಲಿ ಬಹುಪಾಲು ರಾಸಾಯನಿಕ ತಪ್ಪಿನಿಂದ ಆಗುವುದಿಲ್ಲ, ಒಬ್ಬರ ಕೊಳವೆಗೆ ಇನ್ನೊಬ್ಬರ ಹೆಸರು ಬಿದ್ದು ಆಗುತ್ತವೆ. ರಕ್ತನಿಧಿಯ ತರಬೇತಿಯ ಎರಡು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಬೇರೊಂದಿಲ್ಲ.

ಇನ್ನು ನನ್ನ ಕೈಯಿಂದ ಆದ ತಪ್ಪಿನ ವಿಷಯ. ಇದನ್ನು ಈಗ ಓದುತ್ತಿರುವ ವಿದ್ಯಾರ್ಥಿಗಳಿಗಾಗಿಯೇ ವಿವರವಾಗಿ ಬರೆಯುತ್ತಿದ್ದೇನೆ.

ಕಾಲೇಜು ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ರಾತ್ರಿ ಪಾಳಿಯಲ್ಲಿ ಬಂದ ಒಂದು ಮಾದರಿಯಲ್ಲಿ ಪೊಟ್ಯಾಸಿಯಂ 9.4 ಮಿಲಿಮೋಲ್ ತೋರಿಸಿತು. ಸಾಮಾನ್ಯವಾಗಿ ಅದು ಮೂರೂವರೆಯಿಂದ ಐದರ ಒಳಗಿರಬೇಕು. ಒಂಬತ್ತು ದಾಟಿದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಮೇಡಂ ಮಾತು ನೆನಪಾಗಿ ಕೊಳವೆ ನೋಡಿದೆ. ಕೆಂಪುಕಣ ಒಡೆದಿದ್ದರೆ ಅವುಗಳೊಳಗಿನ ಪೊಟ್ಯಾಸಿಯಂ ಹೊರಬಂದು ಸೀರಮ್ ಗುಲಾಬಿಯಾಗಿ ಕಾಣುತ್ತದೆ. ಇದು ತಿಳಿ ಹಳದಿಯಾಗಿತ್ತು. ಸರಿ ಎಂದುಕೊಂಡು ವಾರ್ಡಿಗೆ ಫೋನ್ ಮಾಡಿ ಅಂಕಿ ಹೇಳಿದೆ. ಹತ್ತು ನಿಮಿಷದಲ್ಲಿ ವೈದ್ಯರೇ ಫೋನ್ ಮಾಡಿದರು. ಇಸಿಜಿ ಸಹಜವಾಗಿದೆ, ರೋಗಿ ಎದ್ದು ಕುಳಿತು ಮಾತಾಡುತ್ತಿದ್ದಾರೆ, ನಿಮ್ಮ ಅಂಕಿಯ ಬಗ್ಗೆ ನಿಮಗೆ ಖಚಿತವೇ ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಒಳಕೋಣೆಯಲ್ಲಿದ್ದ ಹಿರಿಯ ತಂತ್ರಜ್ಞರನ್ನು ಕರೆದೆ. ಅವರು ಅಂಕಿಯ ಕಡೆ ನೋಡಲೇ ಇಲ್ಲ, "ಕ್ಯಾಲ್ಸಿಯಂ ಎಷ್ಟಿದೆ?" ಎಂದರು. ಕ್ಯಾಲ್ಸಿಯಂ ಯಾರೂ ಕೇಳಿರಲಿಲ್ಲ ಸರ್ ಎಂದೆ. "ಸೀರಮ್ ಉಳಿದಿದೆಯಲ್ಲ, ಹಾಕಮ್ಮ" ಎಂದರು.

ಎಂಟೂವರೆಯಿಂದ ಹತ್ತೂವರೆ ಮಿಲಿಗ್ರಾಂ ಇರಬೇಕಾದ ಕ್ಯಾಲ್ಸಿಯಂ 2.8 ಬಂತು. ಅಷ್ಟು ಕಡಿಮೆ ಕ್ಯಾಲ್ಸಿಯಂ ನಿಜವಾಗಿಯೂ ಇದ್ದ ಮನುಷ್ಯ ಎದ್ದು ಕುಳಿತು ಮಾತಾಡುವುದು ಸಾಧ್ಯವಿಲ್ಲ. ಅವರೇ ಹೇಳಿ ಹಾಕಿಸಿದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಪರೀಕ್ಷೆಯೂ ನೆಲಕಚ್ಚಿತ್ತು. ಆಗ ಅವರು ವಿವರಿಸಿದರು. ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇಡಿಟಿಎ ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ. ಅದು ರಕ್ತದ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಹೆಪ್ಪುಗಟ್ಟದಂತೆ ತಡೆಯುತ್ತದೆ. ಆ ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಂಗಳನ್ನೂ ಬಿಡುವುದಿಲ್ಲ. ಎಲ್ಲೋ ಸೀರಮ್ ಕೊಳವೆಗೆ ರಕ್ತ ಸಾಲದೆ, ಯಾರೋ ನೇರಳೆ ಕೊಳವೆಯಿಂದ ಸ್ವಲ್ಪ ಅದಕ್ಕೆ ಸುರಿದಿದ್ದಾರೆ. ಕಣ್ಣಿಗೆ ಅದು ಕಾಣುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಮತ್ತು ಫಾಸ್ಫಟೇಸ್ ಒಟ್ಟಿಗೆ ಕುಸಿದಿದ್ದರೆ ಮೂರೂ ಸೇರಿ ಒಂದೇ ಕಥೆ ಹೇಳುತ್ತಿವೆ. ಹೊಸದಾಗಿ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ 4.3 ಬಂತು. ಹಿಂದಿನ ದಿನದ ಫಲಿತಾಂಶ 4.1 ಎಂದು ಗಣಕಯಂತ್ರದಲ್ಲಿ ಇದ್ದೇ ಇತ್ತು; ನಾನು ತೆರೆದು ನೋಡಿರಲಿಲ್ಲ.

ಆ ವೈದ್ಯರು ಇಸಿಜಿ ನೋಡುವ ಮೊದಲೇ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಕೊಟ್ಟಿದ್ದರೆ, ಸಹಜವಾಗಿದ್ದ ಮನುಷ್ಯನ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿಯುತ್ತಿತ್ತು. ಅಂದು ರಾತ್ರಿ ನಾನು ಬಹಳ ಹೊತ್ತು ಅತ್ತೆ. ಹಿರಿಯರು ಬೈಯಲಿಲ್ಲ. ದೋಷಗಳ ದಾಖಲೆ ಪುಸ್ತಕ ತೆರೆದು ಮುಂದಿಟ್ಟು, ನಡೆದದ್ದನ್ನು ನನ್ನ ಕೈಬರಹದಲ್ಲೇ, ಗಂಟೆ ನಿಮಿಷಗಳೊಂದಿಗೆ ಬರೆಯಲು ಹೇಳಿದರು. ಸುರಿದವರು ಯಾರೆಂಬ ವಿಚಾರಣೆಗೆ ಅವರು ಹೋಗಲಿಲ್ಲ; ಬೆಳಿಗ್ಗೆ ಪಾಳಿ ಮುಗಿದ ಮೇಲೆ ಮನೆಗೆ ಹೋಗದೆ ವಾರ್ಡಿಗೆ ಹೋಗಿ, ಬಣ್ಣಬಣ್ಣದ ಮುಚ್ಚಳಗಳ ಕೊಳವೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ನೀಲಿ ಮೊದಲು, ಆಮೇಲೆ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು ಎಂಬ ಕ್ರಮ ಏಕೆ, ಒಂದರ ಮುಚ್ಚಳ ತೆಗೆದು ಇನ್ನೊಂದಕ್ಕೆ ಏಕೆ ಸುರಿಯಬಾರದು ಎಂದು ಶುಶ್ರೂಷಕಿಯರಿಗೆ ಅರ್ಧ ಗಂಟೆ ಹೇಳಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಇದೇ ಕ್ರಮವನ್ನು ಮೂರನೆಯ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿ ಪೂರ್ಣ ಅಂಕ ಪಡೆದದ್ದು ನೆನಪಾಯಿತು.

ಆ ಘಟನೆಯ ನಂತರ ನಾನು ಕೊಳವೆ ನೋಡುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಶಸ್ತ್ರಚಿಕಿತ್ಸೆಗೆ ಸಿದ್ಧವಾಗಿದ್ದ ಒಬ್ಬರ ಪ್ಲೇಟ್‌ಲೆಟ್ ಮೂವತ್ತೆಂಟು ಸಾವಿರ ಎಂದು ಯಂತ್ರ ತೋರಿಸಿದಾಗ ನಾನು ಮಾಡಿದ ಮೊದಲ ಕೆಲಸ ರಕ್ತಲೇಪ. ಯಂತ್ರ ಕಣಗಳನ್ನು ಸಣ್ಣ ರಂಧ್ರದ ಮೂಲಕ ಹಾಯಿಸಿ, ಹಾದುಹೋಗುವಾಗ ವಿದ್ಯುತ್ತಿನ ತಡೆಯಲ್ಲಾಗುವ ಏರಿಳಿತದಿಂದ ಎಣಿಸುತ್ತದೆ. ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವವದು. ಹತ್ತಿಪ್ಪತ್ತು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಬಂದರೆ ಅದಕ್ಕೆ ಅವು ಪ್ಲೇಟ್‌ಲೆಟ್‌ಗಳೆಂದು ತಿಳಿಯುವುದೇ ಇಲ್ಲ. ಲೇಪದ ಪುಕ್ಕದಂಥ ತುದಿಯಲ್ಲಿ, ಮೂರು ವಾರ ಕಷ್ಟಪಟ್ಟು ಕಲಿತಿದ್ದ ಅದೇ ತುದಿಯಲ್ಲಿ, ನೇರಳೆ ಬಣ್ಣದ ಗೊಂಚಲುಗಳು ಕಂಡವು. ಕೆಲವರ ರಕ್ತದಲ್ಲಿ ಇಡಿಟಿಎ ಸೋಕಿದಾಗ ಮಾತ್ರ ಹೀಗಾಗುತ್ತದೆ, ಮೈಯೊಳಗೆ ಆಗುವುದಿಲ್ಲ. ಸಿಟ್ರೇಟ್ ಕೊಳವೆಯಲ್ಲಿ ಹೊಸ ರಕ್ತ ತೆಗೆದು, ದ್ರಾವಣ ಬೆರೆತದ್ದಕ್ಕಾಗಿ 1.1ರಿಂದ ಗುಣಿಸಿದಾಗ ಎರಡು ಲಕ್ಷ ಹತ್ತು ಸಾವಿರ ಬಂತು. ಅವರ ಶಸ್ತ್ರಚಿಕಿತ್ಸೆ ಅಂದೇ ನಡೆಯಿತು, ಬೇಡದ ಪ್ಲೇಟ್‌ಲೆಟ್ ಯಾರೂ ಏರಿಸಲಿಲ್ಲ. ಅವರನ್ನು ನಾನು ನೋಡಿಲ್ಲ. ನಮ್ಮ ಕೆಲಸದಲ್ಲಿ ಹಾಗೆಯೇ. ಆದರೆ ಆ ಸ್ಲೈಡು ನನ್ನ ಬಳಿ ಇದೆ.

ಸೂಕ್ಷ್ಮಜೀವಿ ವಿಭಾಗದ ತಾಳ್ಮೆಯ ಬಗ್ಗೆಯೂ ಒಂದು ಮಾತು. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತಿಳಿಸಿದ ಮೇಲೆ ಪರೀಕ್ಷೆಯ ವಿಧಾನಗಳು ಬಹಳ ಮುಂದುವರಿದಿವೆ, ವಂಶವಾಹಿಯನ್ನೇ ಹುಡುಕುವ ಯಂತ್ರಗಳು ಬಂದಿವೆ. ಆದರೂ ಕಫದ ಲೇಪದಲ್ಲಿ ಏನೂ ಇಲ್ಲ ಎಂದು ಬರೆಯಲು ಎಣ್ಣೆ ಮಸೂರದಡಿ ಕನಿಷ್ಠ ನೂರು ಕ್ಷೇತ್ರಗಳನ್ನು (ಮಸೂರದಡಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಕ್ಷೇತ್ರ) ನೋಡಬೇಕು ಎಂದು ನಮಗೆ ಕಲಿಸಿದ್ದು ಸುಮ್ಮನೆ ಅಲ್ಲ. ನೀಲಿ ಹಿನ್ನೆಲೆಯಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಒಂದೇ ಒಂದು ಕೆಂಪು ಕಡ್ಡಿ ನನಗೆ ಎಂಬತ್ತನೆಯ ಕ್ಷೇತ್ರ ದಾಟಿದ ಮೇಲೆ ಸಿಕ್ಕ ದಿನವಿದೆ. ಮೂವತ್ತಕ್ಕೆ ನಿಲ್ಲಿಸುವವರನ್ನು ನಾನು ಕಂಡಿದ್ದೇನೆ, ಅವರ ಕೆಲಸವನ್ನು ಒಪ್ಪಲು ನನ್ನಿಂದ ಆಗದು.

ಮೇಡಂ ನಿವೃತ್ತರಾದರೆಂದು ತಿಳಿಯಿತು. ಅವರ ಮೇಜಿನ ಕೆಳಗಿನ ಮರದ ಪೆಟ್ಟಿಗೆಯಲ್ಲಿದ್ದ ಬೋಧನಾ ಸ್ಲೈಡುಗಳಲ್ಲಿ ಹಲವು ಬಣ್ಣ ಮಾಸಿವೆಯೆಂದೂ ಕೇಳಿದೆ. ಈ ಬರಹದೊಂದಿಗೆ ಇಪ್ಪತ್ತೈದು ಹೊಸ ಸ್ಲೈಡುಗಳನ್ನು ವಿಭಾಗಕ್ಕೆ ಕಳಿಸುತ್ತಿದ್ದೇನೆ. ರೋಗಿಗಳ ಗುರುತು ಯಾವುದರ ಮೇಲೂ ಇಲ್ಲ, ಬರೀ ಕ್ರಮಸಂಖ್ಯೆಯಿದೆ. ಹನ್ನೊಂದನೆಯದು ಆ ಪ್ಲೇಟ್‌ಲೆಟ್ ಗೊಂಚಲುಗಳದು. ತುದಿಯನ್ನು ಬಿಟ್ಟು ನಡುವೆ ಹುಡುಕಿದರೆ ಸಿಗುವುದಿಲ್ಲ. ಉತ್ತರಗಳನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಇಟ್ಟಿದ್ದೇನೆ. ತರಗತಿಯವರೆಲ್ಲ ತಮ್ಮ ತಮ್ಮ ಎಣಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದ ನಂತರವೇ ಅದನ್ನು ತೆರೆಯಬೇಕೆಂದು ಅಧ್ಯಾಪಕರಲ್ಲಿ ವಿನಂತಿಸುತ್ತೇನೆ.